ಬಂದೂಕಿನ ಏಟು ಒಮ್ಮೆ ಮೆತ್ತಗೆ, ಒಮ್ಮೆ ಜೋರು: ಕಾರಣ ಎಲ್ಲಿದೆ?

ಗೋವಿನಜೋಳದ ತೆನೆ ಹಾಲು ತುಂಬುವ ಹೊತ್ತಿಗೆ ನಮ್ಮ ಕಲಘಟಗಿ ಸೀಮೆಯ ರೈತನಿಗೆ ನಿದ್ದೆ ಇರುವುದಿಲ್ಲ. ಅಡವಿ ಅಂಚಿಗೆ ಹೊಲ ಇದ್ದವರ ಮಾತಂತೂ ಕೇಳಲೇಬೇಡಿ. ಒಂದು ಹಿಂಡು ಮಿಕ ರಾತ್ರಿ ನುಗ್ಗಿತೆಂದರೆ ತಿನ್ನುವುದು ಸ್ವಲ್ಪ, ತುಳಿದು ಕೆಡಿಸುವುದು ಬಹಳ. ತಗಡು ಬಡಿದು, ಕೂಗು ಹಾಕಿ, ಪಟಾಕಿ ಹಚ್ಚಿ ಸೋತವರ ಮನೆಯಲ್ಲಿ ಕಡೆಗೆ ಉಳಿಯುವುದು ಹಿರಿಯರ ಕಾಲದ ಒಂದು ಬಂದೂಕು. ಬಾಯಿಯಿಂದ ಮದ್ದು ತುಂಬುವ, ಕೇಪು ಹಚ್ಚುವ ನಾಡಬಂದೂಕು. ನಮ್ಮ ಮನೆಯಲ್ಲೂ ಅಪ್ಪನ ಹೆಸರಿನಿಂದ ನನ್ನ ಹೆಸರಿಗೆ ಬಂದ ಅಂಥದೊಂದು ಇತ್ತು. ಬೆಳೆ ರಕ್ಷಣೆಯ ಪರವಾನಗಿ ಇದ್ದದ್ದು.

ಕೆಲವು ವರ್ಷದ ಹಿಂದೆ ಖಂಡೇಪೂಜೆ ಮುಗಿದ ನಾಲ್ಕನೇ ದಿನದ ರಾತ್ರಿ ಅದನ್ನು ತಗೊಂಡು ಹೊಲಕ್ಕೆ ಹೋದೆ. ಸಂಗಡ ಹೈಸ್ಕೂಲಿಗೆ ಹೋಗುವ ಮಗ. ಹಂದಿ ಬೆದರಿಸಲು ಬದುವಿನ ಮಣ್ಣಿಗೆ ಹಿಡಿದು ಮೊದಲ ಏಟು ಹಾಕಿದೆ. ಕೇಪು ಸಿಡಿಯಿತು, ಬಂದೂಕು ಸುಮ್ಮನಿತ್ತು. ಇನ್ನೊಂದು ಕೇಪು ಹಾಕಿದೆ. ಒಂದು ಉಸಿರಿನಷ್ಟು ತಡೆದು 'ಫುಸ್' ಅಂದಿತು. ಛರ್ರೆ ನಾಲ್ಕು ಮಾರು ದೂರ ಬಿದ್ದಿರಬೇಕು. 'ಮದ್ದು ತಂಪಾಗೇದ' ಅಂತ ಎರಡನೇ ಸಲ ಅರ್ಧ ಬೊಗಸೆ ಹೆಚ್ಚಿಗೆ ಸುರಿದು, ಹಳೇ ಧೋತರದ ಚೂರು ಬಿಗಿಯಾಗಿ ತುರುಕಿದೆ. ಆ ಏಟು ನನ್ನನ್ನು ಹಿಂದಕ್ಕೆ ನೂಕಿತು. ಕುದುರೆ ತಾನೇ ಮೇಲೆದ್ದಿತ್ತು. ಕೇಪಿನ ಚೂರು ಹಾರಿ ನನ್ನ ಹುಬ್ಬು ಹರಿದಿತ್ತು. ಮಗ ಬಲಕ್ಕೆ ಎರಡು ಹೆಜ್ಜೆ ಹಿಂದೆ ನಿಂತಿದ್ದ. ಪಕ್ಕಕ್ಕೆ ನಿಂತಿದ್ದರೆ ಆ ಚೂರು ಯಾರ ಕಣ್ಣಿಗೆ ಹೋಗುತ್ತಿತ್ತೋ ದೇವರಿಗೇ ಗೊತ್ತು.

ಮರುದಿನ ಊರಿನ ಹಿರಿಯ ಕಾಕಾ ಒಬ್ಬರು ಬಂದೂಕು ನೋಡಿ ಒಂದೇ ಮಾತು ಕೇಳಿದರು. 'ತಮ್ಮಾ, ಮೊದಲನೇ ಏಟು ಯಾಕ ಮೆತ್ತಗಾತು ಅಂತ ನೋಡದ, ಎರಡನೇದಕ್ಕ ಮದ್ದು ಯಾಕ ಹೆಚ್ಚಿಗಿ ಹಾಕಿದಿ?' ಈ ಲೇಖನ ಬರೆಯಲು ಆ ಪ್ರಶ್ನೆಯೇ ಕಾರಣ. ಪರವಾನಗಿ ಬಂದೂಕು ಇಟ್ಟುಕೊಂಡ ರೈತರು ಬಹಳ ಮಂದಿ ಇದ್ದಾರೆ. ಅದರ ನಳಗಿಯೊಳಗೆ ಏನು ನಡೆಯುತ್ತದೆ ಎಂದು ನಮಗೆ ಯಾರೂ ಕಲಿಸಿಲ್ಲ.

ಮೊದಲು ಕಾಯದೆಯ ಎರಡು ಮಾತು

1959ರ ಶಸ್ತ್ರಾಸ್ತ್ರ ಕಾಯದೆಯ 13ನೇ ಕಲಮಿನಲ್ಲಿ ನಿಜವಾದ ಬೆಳೆ ರಕ್ಷಣೆಗೆ ಬಾಯಿಯಿಂದ ತುಂಬುವ ಬಂದೂಕಿಗೆ ಪರವಾನಗಿ ಕೊಡಲು ಅವಕಾಶವಿದೆ. 2019ರ ತಿದ್ದುಪಡಿಯ ನಂತರ ಪರವಾನಗಿಯ ಅವಧಿ ಮೂರರಿಂದ ಐದು ವರ್ಷಕ್ಕೆ ಏರಿದೆ. ಕೊಡಗಿನಲ್ಲಿ ಕೊಡವರಿಗೂ ಜಮ್ಮಾ ಹಿಡುವಳಿದಾರರಿಗೂ ಪರವಾನಗಿಯಿಂದಲೇ ವಿನಾಯಿತಿ ಇದೆ. ಕೇಂದ್ರ ಸರಕಾರ 2019ರಲ್ಲಿ ಅದನ್ನು 2029ರ ತನಕ ಮುಂದುವರಿಸಿತು. ನಮಗೆ ಆ ವಿನಾಯಿತಿ ಇಲ್ಲ. ಪರವಾನಗಿ ಇಲ್ಲದ ಬಂದೂಕು ಮನೆಯಲ್ಲಿದ್ದರೆ ಈ ಲೇಖನ ಅದಕ್ಕಲ್ಲ.

ಇನ್ನೊಂದು ಮಾತು. ಪರವಾನಗಿ ಸಿಕ್ಕಿದ್ದು ಬಂದೂಕಿಗೆ, ಬೇಟೆಗಲ್ಲ. ನವಲಗುಂದ, ಅಣ್ಣಿಗೇರಿ, ಕುಂದಗೋಳ ಕಡೆಯ ಎರಿ ಹೊಲದಲ್ಲಿ ಹೆಸರು, ಕಡಲೆ ಮೇಯುವ ಚಿಗರಿ, ಅಂದರೆ ಕೃಷ್ಣಮೃಗ, 1972ರ ವನ್ಯಜೀವಿ ಕಾಯದೆಯ ಮೊದಲನೇ ಅನುಸೂಚಿಯಲ್ಲಿದೆ. ಅದನ್ನು ಹೊಡೆದರೆ ಕಡಿಮೆಯೆಂದರೂ ಮೂರು ವರ್ಷ ಜೈಲು. ಕಾಡುಹಂದಿ 2023ರ ಏಪ್ರಿಲ್‌ನಿಂದ ಎರಡನೇ ಅನುಸೂಚಿಗೆ ಬಂದಿದೆ. ಬೆಳೆಗೆ ಹಾನಿ ಮಾಡುವ ಹಂದಿಯನ್ನೂ ಅರಣ್ಯ ಇಲಾಖೆಯ ಅಧಿಕಾರವುಳ್ಳವರು ಬರೆದುಕೊಟ್ಟ ಅನುಮತಿ ಇಲ್ಲದೆ ಹೊಡೆಯುವಂತಿಲ್ಲ. ಹೀಗಾಗಿ ನಮ್ಮ ಬಂದೂಕಿನ ಕೆಲಸ ಬಹುಪಾಲು ಸಪ್ಪಳ ಮಾಡುವುದು. ಸಪ್ಪಳಕ್ಕೆ ಛರ್ರೆಯೂ ಬೇಕಿಲ್ಲ, ಹೆಚ್ಚಿನ ಮದ್ದೂ ಬೇಕಿಲ್ಲ. ಇದನ್ನು ತಿಳಿದಿದ್ದರೆ ನನ್ನ ಹುಬ್ಬು ಹರಿಯುತ್ತಿರಲಿಲ್ಲ.

ನಳಗಿಯೊಳಗೆ ಆಗುವುದೇನು?

ಬೆನ್ನಿಗೆ ಹಾಕುವ ಔಷಧ ಪಂಪಿನಲ್ಲಿ ಒತ್ತಡ ಚದರ ಇಂಚಿಗೆ ಸುಮಾರು 40 ಪೌಂಡ್. ಟ್ರ್ಯಾಕ್ಟರಿನ ಹಿಂದಿನ ಗಾಲಿಯ ಗಾಳಿ ಅದಕ್ಕಿಂತಲೂ ಕಡಿಮೆ. ಇನ್ನು 12 ಬೋರಿನ ಸಾಮಾನ್ಯ ತೋಟಾ ಹಾರಿದಾಗ ನಳಗಿಯ ಬುಡದಲ್ಲಿ ಒತ್ತಡ 11,500 ಪೌಂಡ್ ದಾಟಬಾರದು ಎಂಬ ಮಿತಿ ಇದೆ. ಸಣ್ಣದೆಂದು ಕಾಣುವ .22 ರೈಫಲ್ಲಿನ ತೋಟಾದ ಮಿತಿ 24,000 ಪೌಂಡ್. ನಾಡಬಂದೂಕಿನಲ್ಲೂ ಲೆಕ್ಕ ಸಾವಿರಗಳಲ್ಲೇ. ಅಷ್ಟು ಒತ್ತಡವನ್ನು ತಡೆಯುವುದು ಕೆನ್ನೆಯಿಂದ ಒಂದು ಗೇಣಿನಾಚೆ ಇರುವ ಕಬ್ಬಿಣದ ಕೊಳವೆ.

ಕೇಪು ಸಿಡಿದಾಗ ಅದರ ಕಿಡಿ ನಿಪ್ಪಲ್ಲಿನ ತೂತಿನಿಂದ ಒಳಗೆ ಹೋಗಿ ಮದ್ದಿಗೆ ಹತ್ತುತ್ತದೆ. ಮದ್ದು ಉರಿದು ಹೊಗೆ, ಬಿಸಿ ಗಾಳಿ ಆಗುತ್ತದೆ. ಆ ಗಾಳಿಗೆ ಜಾಗ ಸಾಲದೆ ಛರ್ರೆಯನ್ನು ಮುಂದಕ್ಕೆ ನೂಕುತ್ತದೆ. ಒತ್ತಡ ಎಷ್ಟು ಏರಬೇಕು ಎಂಬುದನ್ನು ನಾಲ್ಕು ಸಂಗತಿ ತೀರ್ಮಾನಿಸುತ್ತವೆ: ಮದ್ದು ಎಷ್ಟಿದೆ, ಅದು ಎಷ್ಟು ಬೇಗ ಉರಿಯುತ್ತದೆ, ಮುಂದಿರುವ ಹೊರೆ ಎಷ್ಟು ಬಿಗಿಯಾಗಿದೆ, ಗಾಳಿ ಎಲ್ಲಾದರೂ ಸೋರುತ್ತದೆಯೇ. ಈ ನಾಲ್ಕೂ ಪ್ರತಿ ಸಲ ಒಂದೇ ಥರ ಇದ್ದರೆ ಏಟೂ ಒಂದೇ ಥರ ಇರುತ್ತದೆ. ಏಟು ಬದಲಾಯಿತೆಂದರೆ ಇವುಗಳಲ್ಲಿ ಒಂದಾದರೂ ಬದಲಾಗಿದೆ ಎಂದೇ ಅರ್ಥ. ಬಂದೂಕಿಗೆ ಹುಚ್ಚು ಹಿಡಿಯುವುದಿಲ್ಲ.

ಒಂದೊಂದಾಗಿ ಕಾರಣ ನೋಡೋಣ

ಅಳತೆ: ಅಂಗೈಯಲ್ಲಿ ಸುರಿದು ಅಂದಾಜು ಮಾಡುವುದು ನಮ್ಮ ರೂಢಿ. ಕತ್ತಲಲ್ಲಿ, ಅವಸರದಲ್ಲಿ, ಹಂದಿ ಗುಟುರು ಹಾಕುವಾಗ ಆ ಅಂಗೈ ಎಷ್ಟು ಹಿಡಿಯಿತು? ನಾನೇ ಮನೆಯಲ್ಲಿ ಜೋಳದ ಹಿಟ್ಟು ಇಟ್ಟುಕೊಂಡು ಐದು ಸಲ 'ಅದೇ ಅಳತೆ' ತೆಗೆದು, ಅಕ್ಕಸಾಲಿಗರ ತಕ್ಕಡಿಯಲ್ಲಿ ತೂಗಿಸಿ ನೋಡಿದೆ. ಹೆಚ್ಚಿನದಕ್ಕೂ ಕಡಿಮೆಯದಕ್ಕೂ ಮೂರನೇ ಒಂದು ಭಾಗದಷ್ಟು ಅಂತರ ಬಂತು. ಹಿಟ್ಟಾದರೆ ರೊಟ್ಟಿ ದಪ್ಪ ಆದೀತು, ಅಷ್ಟೇ. ಮದ್ದಿನಲ್ಲಿ ಹಂಗಲ್ಲ. ಬಂದೂಕಿನ ಜತೆ ಬಂದ ಅಳತೆ ಕೊಳವೆ ಇದ್ದರೆ ಅದನ್ನೇ ಬಳಸಬೇಕು. ಇಲ್ಲದಿದ್ದರೆ ಲೈಸೆನ್ಸ್ ಇರುವ ಬಂದೂಕು ರಿಪೇರಿಯವರಿಂದ ನಿಮ್ಮ ಬಂದೂಕಿಗೆ ತಕ್ಕ ಒಂದು ಅಳತೆ ಮಾಡಿಸಿಕೊಳ್ಳಬೇಕು. ಒಬ್ಬರ ಅಳತೆ ಇನ್ನೊಬ್ಬರ ಬಂದೂಕಿಗೆ ಬರುವುದಿಲ್ಲ, ಆದ್ದರಿಂದ ಇಲ್ಲಿ ನಾನು ತೂಕ ಬರೆದಿಲ್ಲ.

ಅಳತೆ ಕೊಳವೆಯಿಂದ ಇನ್ನೊಂದು ಲಾಭವಿದೆ. ಮದ್ದಿನ ಬಾಟಲಿಯನ್ನೇ ನಳಗಿಗೆ ಬಗ್ಗಿಸಿ ಸುರಿಯುವವರಿದ್ದಾರೆ. ಹಿಂದಿನ ಏಟಿನ ಕೆಂಡದ ಕಿಡಿ ಒಳಗೆ ಉಳಿದಿದ್ದರೆ ಬಾಟಲಿಯೇ ಕೈಯಲ್ಲಿ ಸಿಡಿಯುತ್ತದೆ. ಬೇರೆ ಅಳತೆಯಲ್ಲಿ ತೆಗೆದುಕೊಂಡು, ಬಾಟಲಿಗೆ ಬಿರಡೆ ಹಾಕಿ ದೂರ ಇಟ್ಟು, ಆಮೇಲೆ ನಳಗಿಗೆ ಹಾಕಬೇಕು.

ಮದ್ದಿನ ಕಾಳು: ಕರಿ ಮದ್ದು ಕಾಳು ಕಾಳಾಗಿ ಇರುತ್ತದೆ. ದಪ್ಪ ಕಾಳು ನಿಧಾನ ಉರಿಯುತ್ತದೆ, ಸಣ್ಣ ಕಾಳು ಬೇಗ. ಒಲೆಗೆ ಕೊರಡು ಹಾಕಿದ್ದಕ್ಕೂ ಸಿಬರು ಹಾಕಿದ್ದಕ್ಕೂ ಇರುವ ವ್ಯತ್ಯಾಸವೇ ಇದು. ಬಾಟಲಿಯನ್ನು ಸೈಕಲ್ಲಿಗೋ ಮೋಟರ್‌ಸೈಕಲ್ಲಿಗೋ ತೂಗುಹಾಕಿ ತಿರುಗಾಡಿದರೆ ಕಾಳು ಒಂದಕ್ಕೊಂದು ತಿಕ್ಕಿ ಪುಡಿಯಾಗಿ ತಳಕ್ಕೆ ಇಳಿಯುತ್ತದೆ. ಹಗೇವಿನ ತಳದ ಜೋಳದಂತೆ ಬಾಟಲಿಯ ತಳದ ಮದ್ದೂ ಬೇರೆಯೇ. ಮೇಲಿನ ಮದ್ದು ಮೆತ್ತಗೆ, ತಳದ ಮದ್ದು ಜೋರು. ಅಳತೆ ಒಂದೇ ಇದ್ದರೂ ಏಟು ಎರಡಾಗುತ್ತದೆ. ತಳದಲ್ಲಿ ಪುಡಿ ಕಂಡರೆ ಅದನ್ನು ಬಳಸಬಾರದು. ಎರಡು ಸಲ ತಂದ ಮದ್ದನ್ನು ಒಂದೇ ಬಾಟಲಿಗೆ ಕೂಡಿಸಲೂಬಾರದು.

ತಂಪು: ಕಲಘಟಗಿ ಮಳೆಗೆ ಗೋಡೆಯೇ ಹಸಿಯಾಗುತ್ತದೆ, ಮದ್ದು ಬಿಟ್ಟೀತೇ? ತಂಪು ಹಿಡಿದ ಮದ್ದು ತಡವಾಗಿ ಹತ್ತುತ್ತದೆ, ಅರ್ಧ ಉರಿಯುತ್ತದೆ. ಅದನ್ನು ಒಲೆಯ ಹತ್ತಿರ, ತಗಡಿನ ಮೇಲೆ ಒಣಗಿಸುವ ಹುಚ್ಚು ಸಾಹಸ ಯಾರೂ ಮಾಡಬೇಡಿ. ಕೆಟ್ಟ ಮದ್ದನ್ನು ಪರವಾನಗಿ ಅಂಗಡಿಯವರಿಗೆ ತೋರಿಸಿ ಅವರು ಹೇಳಿದಂತೆ ವಿಲೇವಾರಿ ಮಾಡುವುದೇ ದಾರಿ. ಕೇಪುಗಳೂ ಅಷ್ಟೇ, ತಂಪು ಹಿಡಿದರೆ ಕಿಡಿ ಸಣ್ಣದಾಗುತ್ತದೆ.

ಗುಂಜು: ಮದ್ದಿನ ಮೇಲೆ ನಾವು ತುರುಕುವುದು ಕೈಗೆ ಸಿಕ್ಕಿದ್ದು. ಒಂದು ದಿನ ತೆಂಗಿನ ಗುಂಜು, ಒಂದು ದಿನ ಹಳೇ ಅರಿವೆ, ಮತ್ತೊಂದು ದಿನ ಕಾಗದ. ಸಡಿಲ ಗುಂಜಿನ ಸುತ್ತ ಗಾಳಿ ಸೋರಿ ಏಟು ಮೆತ್ತಗಾಗುತ್ತದೆ. ಹಸಿ ಅರಿವೆ ಬಿಗಿಯಾಗಿ ಕೂತರೆ ಒತ್ತಡ ಏರುತ್ತದೆ. ಗಜದಿಂದ ಒಂದು ಸಲ ಹಗೂರಕ್ಕೆ, ಇನ್ನೊಂದು ಸಲ ಒನಕೆ ಹಾಕಿದಂತೆ ಕುಟ್ಟಿದರೂ ಹಾಗೆಯೇ. ಒಂದೇ ಥರದ ಗುಂಜು, ಒಂದೇ ಪ್ರಮಾಣ, ಒಂದೇ ಬಿಗಿ ಇರಬೇಕು.

ನಡುವೆ ಖಾಲಿ ಜಾಗ: ಎಲ್ಲಕ್ಕಿಂತ ಕೆಟ್ಟದ್ದು ಇದು. ಗುಂಜು ಅಥವಾ ಗುಂಡು ಮದ್ದಿನ ಮೇಲೆ ಕೂಡದೆ ಅರ್ಧ ದಾರಿಯಲ್ಲಿ ಸಿಕ್ಕಿಕೊಂಡರೆ ನಡುವೆ ಖಾಲಿ ಜಾಗ ಉಳಿಯುತ್ತದೆ. 'ಜಾಗ ಹೆಚ್ಚಿದ್ದರೆ ಒತ್ತಡ ಕಡಿಮೆಯಾಗಬೇಕಲ್ಲ' ಎಂದು ಅನಿಸಬಹುದು. ಹಾಗಾಗುವುದಿಲ್ಲ. ಉರಿದ ಗಾಳಿ ಆ ಖಾಲಿ ಜಾಗದಲ್ಲಿ ವೇಗ ಹಿಡಿದು, ಮುಂದೆ ನಿಂತ ಹೊರೆಗೆ ಬಂದು ಬಡಿಯುತ್ತದೆ. ಆ ಜಾಗದಲ್ಲೇ ನಳಗಿ ಬಳೆಯಂತೆ ಉಬ್ಬುತ್ತದೆ ಅಥವಾ ಸೀಳುತ್ತದೆ. ನಳಗಿಯ ಬಾಯಿಗೆ ಮಣ್ಣು ಹೊಕ್ಕಾಗ ಸಿಡಿಯುವುದೂ ಇದೇ ಕಾರಣಕ್ಕೆ. ಬದು ದಾಟುವಾಗ ಬಾಯಿ ನೆಲಕ್ಕೆ ತಾಗಿತೇ ಎಂದು ನೋಡದೆ ಹಾರಿಸಬಾರದು.

ಕಿಟ್ಟ: ಕರಿ ಮದ್ದು ಉರಿದ ಮೇಲೆ ಅರ್ಧಕ್ಕಿಂತ ಹೆಚ್ಚು ಭಾಗ ಗಾಳಿಯಾಗದೆ ಗಟ್ಟಿ ಕಿಟ್ಟವಾಗಿ ಉಳಿಯುತ್ತದೆ. ಪ್ರತಿ ಏಟಿಗೂ ಅದು ನಳಗಿಯ ಒಳಗೋಡೆಗೆ ಹತ್ತುತ್ತದೆ. ಮೊದಲ ಏಟಿಗೆ ಸಲೀಸಾಗಿ ಇಳಿದ ಗುಂಜು ನಾಲ್ಕನೆಯದಕ್ಕೆ ತಡೆಯುತ್ತದೆ. ಆಗ ಮೇಲೆ ಹೇಳಿದ ಖಾಲಿ ಜಾಗದ ಅಪಾಯ ಬರುತ್ತದೆ. ಕಿಟ್ಟ ಉಪ್ಪಿನಂತೆ ತೇವ ಎಳೆಯುತ್ತದೆ. ಒಂದೇ ರಾತ್ರಿ ಬಿಟ್ಟರೂ ತುಕ್ಕು ಹಿಡಿಯುತ್ತದೆ. ಬಳಸಿದ ದಿನವೇ ಬಿಸಿ ನೀರಿನಿಂದ ತೊಳೆದು, ಅರಿವೆ ಒಣಗಿ ಬರುವ ತನಕ ಒರೆಸಿ, ಆಮೇಲೆ ತೆಳ್ಳಗೆ ಎಣ್ಣೆ ಹಚ್ಚಬೇಕು. ಮತ್ತೆ ತುಂಬುವ ಮೊದಲು ಆ ಎಣ್ಣೆಯನ್ನೂ ಒರೆಸಿ ತೆಗೆಯಬೇಕು. ಉಳಿದ ಎಣ್ಣೆಯಲ್ಲಿ ಮದ್ದು ನೆನೆದರೆ ಮೊದಲ ಏಟು 'ಫುಸ್' ಆಗುವುದು ಗ್ಯಾರಂಟಿ.

ನಿಪ್ಪಲ್: ಇದರ ತೂತು ಬಹಳ ಸಣ್ಣದು. ಕಿಟ್ಟ ಕಟ್ಟಿದರೆ ಕಿಡಿ ಒಳಗೆ ಹೋಗುವುದಿಲ್ಲ, ತಡೆದು ಹಾರುತ್ತದೆ. ತಿರುಗಿ, ವರ್ಷಾನುಗಟ್ಟಲೆ ಬಿಸಿ ಗಾಳಿ ಹಾಯ್ದು ತೂತು ದೊಡ್ಡದಾಗಿದ್ದರೆ ಗಾಳಿ ಹಿಂದಕ್ಕೆ ಸೋರಿ ಕುದುರೆಯನ್ನು ಮೇಲೆತ್ತುತ್ತದೆ, ಕೇಪನ್ನು ಚೂರು ಮಾಡಿ ಹಾರಿಸುತ್ತದೆ. ಹಾರಿಸಿದ ಮೇಲೆ ಕುದುರೆ ತಾನೇ ಎದ್ದಿದ್ದರೆ ಅದೊಂದು ಎಚ್ಚರಿಕೆ: ಒತ್ತಡ ಹೆಚ್ಚಾಗಿದೆ, ಇಲ್ಲವೇ ನಿಪ್ಪಲ್ ಸವೆದಿದೆ. ಎರಡೂ ಇರಬಹುದು. ಮೊಳೆ ಹಾಕಿ ತೂತು ಬಿಡಿಸಿದರೆ ಅದು ಇನ್ನಷ್ಟು ದೊಡ್ಡದಾಗುತ್ತದೆ. ಹೊಸ ನಿಪ್ಪಲ್ ಹಾಕಿಸುವುದೇ ಉಪಾಯ.

ನಮ್ಮ ಕಡೆ ಖಂಡೇಪೂಜೆಯಲ್ಲಿ ಬಂದೂಕಿಗೂ ವಿಭೂತಿ, ಕುಂಕುಮ ಏರಿಸುತ್ತೇವೆ. ಏರಿಸಲಿ, ಬೇಡ ಅನ್ನುವುದಿಲ್ಲ. ಕುದುರೆ, ನಿಪ್ಪಲ್ ಇರುವ ಜಾಗಕ್ಕೆ ಮಾತ್ರ ಬೇಡ. ಹಿಡಿಕೆಗೆ ಹಚ್ಚಿರಿ, ದೇವರು ಬ್ಯಾಡನ್ನೂದಿಲ್ಲ.

ಗಜದ ಮೇಲೆ ಎರಡು ಗೆರೆ

ಕಾಕಾ ನನಗೆ ಕಲಿಸಿದ ದೊಡ್ಡ ವಿದ್ಯೆ ಇದು, ಖರ್ಚಿಲ್ಲದ್ದು. ಬಂದೂಕು ಖಾಲಿ ಇದೆಯೆಂದು ಖಾತ್ರಿ ಮಾಡಿಕೊಂಡು, ಗಜವನ್ನು ತಳ ಮುಟ್ಟುವ ತನಕ ಇಳಿಸಿ. ನಳಗಿಯ ಬಾಯಿಗೆ ಸರಿಯಾಗಿ ಗಜದ ಮೇಲೆ ಒಂದು ಗೆರೆ ಕೊರೆಯಿರಿ. ಇದು ಖಾಲಿ ಗೆರೆ. ನಿಮ್ಮ ಗೊತ್ತಾದ ಅಳತೆಯನ್ನು ಸರಿಯಾಗಿ ತುಂಬಿ ಕೂಡಿಸಿದ ಮೇಲೆ, ಕೇಪು ಹಚ್ಚುವ ಮೊದಲೇ, ಮತ್ತೆ ಗಜ ಇಳಿಸಿ ಎರಡನೇ ಗೆರೆ ಹಾಕಿ. ಇದು ತುಂಬಿದ ಗೆರೆ. ಗಜದ ನೇರಕ್ಕೆ ಮುಖ, ಎದೆ ಬರದಂತೆ ನಿಲ್ಲುವುದನ್ನು ಮರೆಯಬಾರದು.

ಇನ್ನು ಮೇಲೆ ತುಂಬಿದಾಗಲೆಲ್ಲ ನೋಡಿ. ತುಂಬಿದ ಗೆರೆ ಬಾಯಿಗಿಂತ ಮೇಲೆ ನಿಂತರೆ ಮೂರರಲ್ಲಿ ಒಂದು ಆಗಿದೆ: ಗುಂಜು ತಳಕ್ಕೆ ಕೂತಿಲ್ಲ, ಮದ್ದು ಹೆಚ್ಚಾಗಿದೆ, ಇಲ್ಲವೇ ಮೊದಲೇ ತುಂಬಿದ್ದರ ಮೇಲೆ ಮತ್ತೆ ತುಂಬಿದ್ದೀರಿ. ಮೂರೂ ನಳಗಿ ಸಿಡಿಸುವಂಥವೇ. ಗೆರೆ ಬಾಯಿಗಿಂತ ಕೆಳಗೆ ಇಳಿದರೆ ಮದ್ದು ಕಡಿಮೆ ಬಿದ್ದಿದೆ. ಕತ್ತಲಲ್ಲೂ ಬೆರಳಿಗೆ ಗೆರೆ ಸಿಗುತ್ತದೆ. ಮನೆಯಲ್ಲಿ ಅಟ್ಟದ ಮೇಲಿರುವ ಬಂದೂಕು ತುಂಬಿದೆಯೋ ಖಾಲಿಯೋ ಎಂದು ತಿಳಿಯಲೂ ಇದೇ ದಾರಿ. ನಳಗಿಗೆ ಬಾಯಿ ಹಚ್ಚಿ ಊದಿ ನೋಡುವ ಚಾಳಿ ಬಿಡಬೇಕು.

ಹಾರದೆ ಹೋದರೆ? ಬಾಯಿಯನ್ನು ಬದುವಿನ ಕಡೆಗೇ ಹಿಡಿದು ಎರಡು ನಿಮಿಷ ಅಲುಗಾಡದೆ ನಿಲ್ಲಿ. ಒಳಗೆ ಕಿಡಿ ಕುಟುಕುತ್ತಿರಬಹುದು. ಆಮೇಲೆ ಹೊಸ ಕೇಪು. ಆಗಲೂ ಹಾರದಿದ್ದರೆ ಆ ರಾತ್ರಿಗೆ ಮುಗಿಯಿತು. ಕೇಪು ತೆಗೆದು, ತುಂಬಿದೆ ಎಂದು ಚೀಟಿ ಕಟ್ಟಿ, ಮಕ್ಕಳ ಕೈಗೆ ಸಿಗದಂತೆ ಇಟ್ಟು, ರಿಪೇರಿಯವರಲ್ಲಿ ಬಿಡಿಸಬೇಕು. ಮೇಲೆ ಮತ್ತೊಮ್ಮೆ ತುಂಬಬಾರದು.

ತೋಟಾ ಒಡೆದ ಮದ್ದು ಬೇಡವೇ ಬೇಡ

'ಕರಿ ಮದ್ದು ಸಿಗವಲ್ದು, ತೋಟಾ ಒಡದು ಅದರಾಗಿಂದು ಹಾಕಿದ್ರಾತು' ಅನ್ನುವ ಮಾತು ಕೇಳಿದ್ದೇನೆ. ಬಂದೂಕು ಸಿಡಿದು ಕೈ ಕಳೆದುಕೊಳ್ಳುವುದು ಹೆಚ್ಚಾಗಿ ಇಲ್ಲಿಯೇ. ಈಗಿನ ತೋಟಾದಲ್ಲಿರುವುದು ಹೊಗೆ ಇಲ್ಲದ ಮದ್ದು, ಜಾತಿಯೇ ಬೇರೆ. ಅದೇ ಅಳತೆಯಲ್ಲಿ ಅದರ ಕಸುವು ಬಹಳ ಹೆಚ್ಚು. ಅದಕ್ಕಿಂತ ಮುಖ್ಯ, ಸುತ್ತಲಿನ ಒತ್ತಡ ಏರಿದಷ್ಟೂ ಅದು ಇನ್ನೂ ಬೇಗ ಉರಿಯುತ್ತದೆ, ಬೇಗ ಉರಿದಷ್ಟೂ ಒತ್ತಡ ಇನ್ನೂ ಏರುತ್ತದೆ. ಬೆಂಕಿ ಬಿದ್ದ ಬಣವೆಗೆ ಗಾಳಿ ಬೀಸಿದಂತೆ. ನಾಡಬಂದೂಕಿನ ಮೆದು ಕಬ್ಬಿಣದ ನಳಗಿ ಅದಕ್ಕೆ ತಡೆಯುವುದಿಲ್ಲ. ಸ್ವಲ್ಪವೇ ಬೆರೆಸಿದರೂ ಬೇಡ. ಪಟಾಕಿ ಮದ್ದು, ಕಡ್ಡಿಪೆಟ್ಟಿಗೆಯ ಮದ್ದು ಕೂಡ ಬೇಡ; ಅವು ಗಜದ ತಿಕ್ಕಾಟಕ್ಕೇ ಹತ್ತಿಕೊಳ್ಳಬಲ್ಲವು.

ತೋಟಾ ತುಂಬುವವರಿಂದ ಕಲಿಯುವುದು

ಅಮೆರಿಕ, ಯುರೋಪುಗಳಲ್ಲಿ ಬೇಟೆಗಾರರೂ ಗುರಿಕಾರರೂ ಹಾರಿಸಿದ ಹಿತ್ತಾಳೆ ತೋಟಾಗಳನ್ನು ಮನೆಯಲ್ಲೇ ಮತ್ತೆ ತುಂಬುತ್ತಾರೆ. ನಮ್ಮಲ್ಲಿ ಬಂದೂಕಿನ ಪರವಾನಗಿಯಿಂದ ಆ ಹಕ್ಕು ಬರುವುದಿಲ್ಲ. ಮದ್ದುಗುಂಡು ತಯಾರಿಕೆಗೆ ಕಾಯದೆಯ 5ನೇ ಕಲಮಿನಂತೆ ಬೇರೆಯೇ ಪರವಾನಗಿ ಬೇಕು. ಆದರೆ ಅವರ ಶಿಸ್ತು ನಮಗೆ ಪಾಠ.

ಅವರು ಮದ್ದು ತೂಗುವುದು ಗ್ರೇನ್ ಲೆಕ್ಕದಲ್ಲಿ. ಗ್ರೇನ್ ಎಂದರೆ ಮೂಲದಲ್ಲಿ ಒಂದು ಕಾಳು, ಸುಮಾರು 65 ಮಿಲಿಗ್ರಾಂ. ನಮ್ಮ ಅಕ್ಕಸಾಲಿಗರ ಒಂದು ಗುಲಗಂಜಿಗೆ ಹತ್ತಿರ ಹತ್ತಿರ ಎರಡು ಗ್ರೇನ್. 30-06 ಎಂಬ ದೊಡ್ಡ ರೈಫಲ್ ತೋಟಾದಲ್ಲಿ ಮದ್ದು 50 ಗ್ರೇನಿನ ಆಸುಪಾಸು ಇರುತ್ತದೆ. ಒಂದು ಗ್ರೇನ್ ತಪ್ಪಿದರೆ ನೂರಕ್ಕೆ ಎರಡು ಪಾಲು ತಪ್ಪು. .22 ಹಾರ್ನೆಟ್ ಎಂಬ ಸಣ್ಣ ತೋಟಾದಲ್ಲಿ ಹಿಡಿಯುವುದೇ 10ರಿಂದ 13 ಗ್ರೇನ್. ಅದೇ ಒಂದು ಗ್ರೇನ್, ಅಂದರೆ ಅರ್ಧ ಗುಲಗಂಜಿ, ಅಲ್ಲಿ ನೂರಕ್ಕೆ ಎಂಟು ಹತ್ತು ಪಾಲು ತಪ್ಪಾಗುತ್ತದೆ. ಹೀಗಾಗಿ ಸಣ್ಣ ತೋಟಾ ತುಂಬುವವರಿಗೇ ಏಟಿನ ಏರುಪೇರು ಹೆಚ್ಚು ಕಾಡುವುದು. ಸಣ್ಣ ಪಾತ್ರೆಯಲ್ಲಿ ಒಂದು ಚಿಟಿಕೆ ಉಪ್ಪು ಹೆಚ್ಚಾದರೂ ಬಾಯಿಗೆ ಗೊತ್ತಾಗುತ್ತದೆ, ನೂರು ಮಂದಿಯ ಅಡಿಗೆಯಲ್ಲಿ ಗೊತ್ತಾಗುವುದಿಲ್ಲ. ಅಂತೆಯೇ ಇದು.

ಅವರು ಏರುಪೇರು ಹುಡುಕುವ ಕ್ರಮ ಮೂರು ಮಾತಿನದು. ಒಂದು, ಎಲ್ಲವನ್ನೂ ಬರೆದಿಡುತ್ತಾರೆ: ಯಾವ ಡಬ್ಬಿಯ ಮದ್ದು, ಯಾವ ಕೇಪು, ಎಷ್ಟು ತೂಕ, ಅಂದಿನ ಹವೆ. ಎರಡು, ಒಂದು ಸಲಕ್ಕೆ ಒಂದನ್ನೇ ಬದಲಿಸುತ್ತಾರೆ. ಮದ್ದೂ ಗುಂಜೂ ಕೂಡಿಯೇ ಬದಲಿಸಿದರೆ ಯಾವುದರಿಂದ ಏನಾಯಿತು ಎಂದು ತಿಳಿಯುವುದಿಲ್ಲ. ಮೂರು, ಏಟು ಅನುಮಾನ ಹುಟ್ಟಿಸಿದರೆ ಅಲ್ಲಿಗೇ ನಿಲ್ಲಿಸುತ್ತಾರೆ, ಮುಂದಿನದನ್ನು ಹಾರಿಸಿ ನೋಡುವುದಿಲ್ಲ. ಹೊಸ ಗೊಬ್ಬರ ನೋಡಲು ಹೊಲದಲ್ಲಿ ನಾಲ್ಕು ಸಾಲು ಬೇರೆ ಬಿಟ್ಟು ನೋಡುತ್ತೇವಲ್ಲ, ಅದೇ ಬುದ್ಧಿ ಇಲ್ಲಿಗೂ ಬೇಕು.

ನನ್ನ ಬಂದೂಕಿಗೆ ಏನಾಗಿತ್ತು?

ಕಾಕಾ ಮತ್ತು ನಾನು ಕೂಡಿ ಆ ರಾತ್ರಿಯನ್ನು ಹಿಂದು ಮುಂದು ಲೆಕ್ಕ ಹಾಕಿದೆವು. ಪೂಜೆಯ ಕುಂಕುಮ ಎಣ್ಣೆಯಲ್ಲಿ ಕಲೆತು ನಿಪ್ಪಲ್ ತೂತು ಮುಕ್ಕಾಲು ಮುಚ್ಚಿತ್ತು. ನಳಗಿಯ ತಳದಲ್ಲಿ ಪೂಜೆಗೆಂದು ಹೊಯ್ದ ಎಣ್ಣೆ ನಿಂತಿತ್ತು. ಮೊದಲ ಏಟು ಮೆತ್ತಗಾದದ್ದು ಅದಕ್ಕೆ. ಮದ್ದು ಕಡಿಮೆಯಾಗಿ ಅಲ್ಲ. ಆ ಅರೆಬರೆ ಉರಿದ ಮದ್ದು, ಎಣ್ಣೆ ಸೇರಿ ಒಳಗೋಡೆಗೆ ಅಂಟು ಕಿಟ್ಟ ಹಿಡಿದಿತ್ತು. ಎರಡನೇ ಸಲ ಬಾಟಲಿಯ ತಳದ ಪುಡಿ ಮದ್ದು ಬಂತು, ಅದೂ ಹೆಚ್ಚಾಗಿ ಬಂತು. ಧೋತರದ ಚೂರು ಕಿಟ್ಟಕ್ಕೆ ಸಿಕ್ಕಿ ತಳ ಮುಟ್ಟಲೇ ಇಲ್ಲ. ನಿಪ್ಪಲ್ ತೂತು ಮೊದಲ ಏಟಿಗೆ ಬಿಚ್ಚಿಕೊಂಡಿತ್ತು, ಹಳೆಯದಾದ್ದರಿಂದ ಸವೆದೂ ಇತ್ತು. ಒಂದೊಂದೇ ಇದ್ದಿದ್ದರೆ ದಾಟಿ ಹೋಗುತ್ತಿತ್ತೇನೋ. ಐದೂ ಒಂದೇ ರಾತ್ರಿ ಕೂಡಿದವು. ಅವನ್ನು ಕೂಡಿಸಿದವನು ನಾನೇ.

ಕಾಕಾ ನಳಗಿಯನ್ನು ಬೆಳಗಿನ ಓರೆ ಬಿಸಿಲಿಗೆ ಹಿಡಿದು ಬೆರಳಾಡಿಸುತ್ತ ಹೋದರು. ತಳದಿಂದ ಒಂದು ಗೇಣು ಮೇಲೆ ಬೆರಳು ನಿಂತಿತು. ಅಲ್ಲಿ ಕಣ್ಣಿಗೆ ಸುಲಭಕ್ಕೆ ಕಾಣದ ಒಂದು ಬಳೆಯಷ್ಟು ಉಬ್ಬು. ಗಜಕ್ಕೆ ಅರಿವೆ ಬಿಗಿಯಾಗಿ ಸುತ್ತಿ ಇಳಿಸಿದಾಗ ಅದೇ ಜಾಗಕ್ಕೆ ಬಂದು ಫಕ್ಕನೆ ಸಡಿಲಾಯಿತು. ನಿಮ್ಮ ಬಂದೂಕನ್ನೂ ಹೀಗೆ ನೋಡಿಕೊಳ್ಳಬಹುದು. 'ಇನ್ನೊಂದು ಏಟು ಹಾಕಿದ್ದರ ಇಲ್ಲೇ ಬಾಯಿ ಬಿಡತಿತ್ತು' ಅಂದರು. ಆ ಹೊತ್ತು ಎಡಗೈ ಇರುತ್ತಿದ್ದುದು ಸರಿಯಾಗಿ ಅಲ್ಲಿಯೇ.

ಬಡಿಸಿ ಸರಿ ಮಾಡಿಸಿದರಾಯಿತು ಎಂದು ನನ್ನ ಮನಸ್ಸಿನಲ್ಲಿತ್ತು. ಊರ ಕಂಬಾರರಲ್ಲಿ ಬಂದೂಕು ಬೆಸೆಸುವುದು ಕಾಯದೆಗೂ ವಿರುದ್ಧ, ಜೀವಕ್ಕೂ ಕೇಡು. ಉಬ್ಬಿದ ಕಬ್ಬಿಣ ಒಮ್ಮೆ ಎಳೆದುಹೋಯಿತೆಂದರೆ ಬಡಿದರೆ ಮೊದಲಿನ ಗಟ್ಟಿತನ ಬರುವುದಿಲ್ಲ. ಲೈಸೆನ್ಸ್ ಇದ್ದ ರಿಪೇರಿಯವರೂ ಅದನ್ನೇ ಹೇಳಿದರು. ಅಪ್ಪನ ಬಂದೂಕು ಮತ್ತೆ ಹಾರಲಿಲ್ಲ. ಅದನ್ನು ನಿಯಮದಂತೆ ಠಾಣೆಯಲ್ಲಿ ಠೇವಣಿ ಇಟ್ಟು ಬಂದ ದಿನ ಮನೆಯಲ್ಲಿ ಯಾರೂ ಸರಿಯಾಗಿ ಉಣ್ಣಲಿಲ್ಲ. ಈಗ ಹಂದಿಗೆ ಬೇಲಿ, ಬೆಳಕು, ಸರದಿಯ ಕಾವಲು ಅಷ್ಟೇ. ಹಾನಿಯಾದಾಗ ಫೋಟೋ ಸಹಿತ ಅರಣ್ಯ ಇಲಾಖೆಗೆ ಪರಿಹಾರದ ಅರ್ಜಿ ಕೊಡುತ್ತೇವೆ. ಮಗನ ಎರಡೂ ಕಣ್ಣು ಚೆನ್ನಾಗಿವೆ, ಲೆಕ್ಕ ನಷ್ಟದ್ದಲ್ಲ.

ನೆನಪಿಗೆ ಒಂದು ಪಟ್ಟಿ

* ಏಟು ಮೆತ್ತಗಾದರೆ ಮದ್ದು ಹೆಚ್ಚಿಸಬೇಡಿ. ಮೊದಲು ನಿಪ್ಪಲ್, ಎಣ್ಣೆ, ತಂಪು, ಗುಂಜು ನೋಡಿ.
* ಕುದುರೆ ತಾನೇ ಎದ್ದರೆ, ಕೇಪು ಚೂರಾದರೆ, ಹೊಡೆತ ಭುಜಕ್ಕೆ ಹೆಚ್ಚಾಗಿ ಬಡಿದರೆ ಅಂದಿಗೆ ಬಂದೂಕು ಕೆಳಗಿಡಿ.
* ಅಂಗೈ ಅಳತೆ ಬಿಡಿ, ಒಂದೇ ಅಳತೆ ಕೊಳವೆ ಬಳಸಿ.
* ಮದ್ದು ಪರವಾನಗಿ ಅಂಗಡಿಯದೇ ಇರಲಿ. ತಳದ ಪುಡಿ, ತೋಟಾ ಮದ್ದು, ಪಟಾಕಿ ಮದ್ದು ಬೇಡ.
* ಗಜದ ಎರಡು ಗೆರೆ ನೋಡದೆ ಕೇಪು ಹಚ್ಚಬೇಡಿ.
* ಬಳಸಿದ ದಿನವೇ ತೊಳೆಯಿರಿ, ತುಂಬುವ ಮೊದಲು ಎಣ್ಣೆ ಒರೆಸಿರಿ.
* ವರ್ಷಕ್ಕೊಮ್ಮೆ, ಮಳೆಗಾಲ ಮುಗಿದ ಕೂಡಲೇ, ಲೈಸೆನ್ಸ್ ಇದ್ದವರಿಂದ ನಳಗಿ, ನಿಪ್ಪಲ್ ಪರೀಕ್ಷೆ ಮಾಡಿಸಿರಿ.
* ಹಾರಿಸುವವನ ಪಕ್ಕಕ್ಕೆ ಯಾರೂ ನಿಲ್ಲಬಾರದು, ಮಕ್ಕಳಂತೂ ಹೊಲಕ್ಕೇ ಬರಬಾರದು.

ನಿಮ್ಮ ಮನೆಯಲ್ಲಿ ಹಿರಿಯರು ಇಟ್ಟುಹೋದ ಬಂದೂಕು ಇದ್ದರೆ ಈ ವಾರವೇ ಹಗಲು ಹೊತ್ತಿನಲ್ಲಿ ಇಳಿಸಿ, ಗಜ ಹಾಕಿ, ಬೆರಳಾಡಿಸಿ ನೋಡಿರಿ. ಉಬ್ಬು ಸಿಕ್ಕರೆ ಅದರ ಸೇವೆ ಮುಗಿಯಿತು ಎಂದೇ ತಿಳಿಯಿರಿ. ಬೆಳೆ ಮುಂದಿನ ವರ್ಷ ಬಂದೀತು, ಕೈ ಬೆರಳು ಮತ್ತೆ ಚಿಗುರುವುದಿಲ್ಲ. ಇಂಥ ಅನುಭವ ಬೇರೆ ರೈತರಿಗೂ ಆಗಿದ್ದರೆ ನಾಚದೆ ಬರೆಯಿರಿ. ಒಬ್ಬನ ತಪ್ಪು ಹತ್ತು ಮಂದಿಗೆ ಪಾಠವಾದರೆ ಆ ತಪ್ಪಿಗೂ ಒಂದು ಬೆಲೆ ಬರುತ್ತದೆ.